ಐವರು ಹೊಡೆದ ಒಂದೇ ಗುಂಡು

ಹೆಸರು: ತೊಗಾಶಿ ಮಸಕಿಚಿ. ವಯಸ್ಸು: ೭೧ ವರ್ಷ. ಉದ್ಯೋಗ: ಭತ್ತದ ಬೇಸಾಯ, ಚಳಿಗಾಲದಲ್ಲಿ ಕರಡಿ ಬೇಟೆ. ವಾಸ: ನೆಮೊರಿ ಗ್ರಾಮ, ಉಚಿಸಾವಾ ಪಟ್ಟಣ, ಅಕಿತಾ ಪ್ರಾಂತ್ಯ, ಜಪಾನ್. ಕೋವಿ ಲೈಸೆನ್ಸ್ ಪಡೆದು ೪೯ ವರ್ಷವಾಯಿತು. ಈವರೆಗೆ ಒಂದು ಖಾಲಿ ತೋಟಾವನ್ನೂ ಕಳೆದಿಲ್ಲ. ಈ ಕೊನೆಯ ಮಾತನ್ನು ಅಧಿಕಾರಿಗಳು ಕೇಳಿರಲಿಲ್ಲ, ನಾನೇ ಬರೆಸಿದ್ದು.

ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ, ನವೆಂಬರ್ ೪ರ ಸಂಜೆ ನಾನು ಕೊಟ್ಟ ಹೇಳಿಕೆಯಲ್ಲಿ ಒಂದು ಪದವನ್ನು ತಿದ್ದಬೇಕಾಗಿದೆ. ಆ ಪದ "ನಾವು" ಎಂಬುದು.

ನಮ್ಮದು ಐದು ಜನರ ತಂಡ. ತಂಡದ ಹಿರಿಯನಿಗೆ ನಮ್ಮ ಕಡೆ ಶಿಕಾರಿ ಎನ್ನುತ್ತಾರೆ, ಈಗ ಆ ಶಿಕಾರಿ ನಾನು. ನನ್ನ ತಮ್ಮ ಎಯ್‌ಝೋ, ಬಡಗಿ, ತಂಡದಲ್ಲಿದ್ದಾನೆ. ಅರಾಕಾವಾ ಶಿಹೋ, ವಯಸ್ಸು ೩೪, ಅಂಚೆ ಕಚೇರಿ ನೌಕರೆ, ನಾಲ್ಕು ವರ್ಷದ ಹಿಂದೆ ಸೇರಿದಳು. ಬೆಟ್ಟದ ದೇವಿ ಕುರೂಪಿ, ಹೆಂಗಸರನ್ನು ಕಂಡರೆ ಹೊಟ್ಟೆಕಿಚ್ಚು ಪಡುತ್ತಾಳೆ ಎಂದು ಆಗ ನಾನು ಆಕೆಯನ್ನು ಬಾಗಿಲಿಂದಲೇ ವಾಪಸು ಕಳಿಸಿದ್ದೆ. ಮರುದಿನ ಆಕೆ ದೇವಿಯ ಕಾಣಿಕೆಗೆಂದು ಒಂದು ಕುರೂಪಿ ಒಣಮೀನು ಹಿಡಿದು ಬಂದು, "ಇದರ ಮೂತಿ ನೋಡಿದ್ರೆ ದೇವಿಗೆ ತಾನೇ ಚೆಲುವೆ ಅನ್ಸತ್ತೆ. ಅವಳ ಹತ್ರ ನಾನು ಮಾತಾಡ್ಕೋತೀನಿ, ನೀವು ಬೇಟೆ ಕಲಿಸಿ" ಎಂದಳು. ಕಲಿಸಿದೆ.

ದಿನಾಂಕ ೪ರ ಮಧ್ಯಾಹ್ನ ೨.೧೦ಕ್ಕೆ ಪುರಸಭೆಯಿಂದ ಫೋನ್ ಬಂತು. ಹತಾಕೆಯಾಮಾ ಟೊಮಿ ಎಂಬ ೮೩ ವರ್ಷದ ಅಜ್ಜಿಯ ಹಿತ್ತಲಲ್ಲಿ ಕರಿಕರಡಿಯೊಂದು ಕಾಕಿ ಹಣ್ಣಿನ ಮರ ಹತ್ತಿ ಕೂತಿದೆ ಎಂದರು. ೨.೩೫ಕ್ಕೆ ನಾವು ಐವರೂ ಅಲ್ಲಿದ್ದೆವು. ಕೋವಿಗಳು ಚೀಲದಲ್ಲಿದ್ದವು, ತೋಟಾ ತುಂಬಿರಲಿಲ್ಲ. ಪೊಲೀಸ್ ಅಧಿಕಾರಿ ಕಮಾತಾ ಅವರು ಷರತ್ತು ಓದಿ ಹೇಳಿದರು: ಮನೆಗಳಲ್ಲಿ ಯಾರೂ ಇರಬಾರದು, ಕರಡಿಯ ಹಿಂದೆ ಗುಂಡು ತಡೆಯಲು ಮಣ್ಣು ಇರಬೇಕು, ೪.೩೬ರ ಸೂರ್ಯಾಸ್ತದ ನಂತರ ಹೊಡೆಯುವಂತಿಲ್ಲ. ಪುರಸಭಾಧ್ಯಕ್ಷರ ಅನುಮತಿ ೨.೫೦ಕ್ಕೆ ಬಂತು. ನಾಲ್ವರನ್ನು ನಾಲ್ಕು ದಿಕ್ಕಿಗೆ ನಿಲ್ಲಿಸಿದೆ, ಅದರಲ್ಲಿ ಮರದಿಂದ ೧೯ ಮೀಟರ್ ದೂರದ ಜಾಗವನ್ನು ಶಿಹೋಗೆ ಕೊಟ್ಟೆ. ನನ್ನ ಕಣ್ಣಿಗೆ ಈಗ ಪೊರೆ ಬಂದಿದೆ. ತೋಟಾ ತುಂಬಲು ಆಕೆಯೊಬ್ಬಳಿಗೇ ಹೇಳಿದೆ.

೩.೦೨ಕ್ಕೆ ಕರಡಿ ಕೆಳಗಿನ ಕೊಂಬೆಗಿಳಿದು ಅಡ್ಡಲಾಗಿ ನಿಂತಿತು. ಅದರ ಹಿಂದೆ ಟೊಮಿ ಅಜ್ಜಿಯ ಮೂಲಂಗಿ ಹೊಗೆಯಾಡಿಸುವ ಗುಡಿಸಲು, ಗುಡಿಸಲಿನ ಹಿಂದೆ ದಿಬ್ಬ. ಗುಡಿಸಲು ಖಾಲಿ ಎಂದು ಎಲ್ಲರೂ ನಂಬಿದ್ದೆವು, ನಾನೂ ನಂಬಿದ್ದೆ. ಶಿಹೋ ಕೋವಿ ಎತ್ತಿದಳು, ಹೊಡೆಯಲಿಲ್ಲ. ಕೋವಿ ಇಳಿಸಿ, ಹೊಗೆ ಬೆಳ್ಳಗೆ ದಪ್ಪವಾಗುತ್ತಿದೆ, ಯಾರೋ ಈಗಷ್ಟೇ ಸೌದೆ ಹಾಕಿದ್ದಾರೆ ಎಂದು ವಾಕಿಟಾಕಿಯಲ್ಲಿ ತಿಳಿಸಿದಳು. ಪೊಲೀಸರು ಆಚೆಯಿಂದ ಸುತ್ತಿ ಹೋಗಿ ನೋಡಿದಾಗ ಅಜ್ಜಿ ಒಳಗಿದ್ದರು. ಇಬ್ಬರು ಸೇರಿ ಹೊರತರುವಾಗ ಅಜ್ಜಿ, "ಕರಡಿ ಬರತ್ತೆ, ಹೋಗತ್ತೆ. ಹೊಗೆ ಆರಿ ನನ್ನ ಮೂಲಂಗಿ ಹಾಳಾದ್ರೆ ಉಪ್ಪಿನಕಾಯಿ ನಿಮ್ಮಪ್ಪ ಹಾಕ್ಕೊಡ್ತಾನಾ?" ಎಂದು ಬೈದರು. ಅಜ್ಜಿ ಬೈಯುವಷ್ಟು ಜೀವಂತವಾಗಿದ್ದಾರಲ್ಲ ಎಂದು ನಾನು ಟೋಪಿ ತೆಗೆದು ಅವರಿಗೆ ತಲೆಬಾಗಿದೆ.

೩.೪೦ಕ್ಕೆ ಕರಡಿ ಮರ ಇಳಿದು ತರಕಾರಿ ಪಾತಿಗೆ ಬಂತು. ಹಿಂದೆ ಡಾಂಬರು ರಸ್ತೆ, ೬೦ ಮೀಟರ್ ಆಚೆ ನಿಂತ ಕಾರುಗಳು. ಶಿಹೋ ಈ ಸಲವೂ ಹೊಡೆಯಲಿಲ್ಲ. ಪುರಸಭೆಯವರೊಬ್ಬರು, ಈಯಮ್ಮನಿಗೆ ಕೈ ನಡುಗುತ್ತಿರಬೇಕು, ಕೋವಿ ಗಂಡಸರಿಗೆ ಕೊಡಿ ಎಂದು ನನಗೆ ಹೇಳಿದರು. ಕೋವಿ ಇನ್ನೊಬ್ಬರ ಕೈಗೆ ಕೊಟ್ಟರೆ ಕೊಟ್ಟವರು, ತೊಗೊಂಡವರು ಇಬ್ಬರೂ ಜೈಲಿಗೆ, ನೀವೂ ಜೊತೆಗೆ ಬರುತ್ತೀರಾ ಎಂದು ನಾನು ಕೇಳಿದೆ.

೪.೨೧ಕ್ಕೆ ಕರಡಿ ಒಣಗಿದ ಕಾಲುವೆಗಿಳಿಯಿತು. ಹಿಂದೆ ಎರಡಾಳೆತ್ತರದ ಮಣ್ಣಿನ ಏರಿ. ದೂರ ೨೪ ಮೀಟರ್. ಕಮಾತಾ ಅವರು ರಸ್ತೆಯಿಂದ ವಾಕಿಟಾಕಿಯಲ್ಲಿ ಅಪ್ಪಣೆ ಕೊಟ್ಟರು. ಒಂದು ಗುಂಡು ಹಾರಿತು. ಕರಡಿ ಎರಡನೇ ಹೆಜ್ಜೆ ಇಡಲಿಲ್ಲ. ಗಂಡು, ೯೬ ಕಿಲೋ, ಎದೆಯ ಮೇಲೆ ಬಿಳಿ ಚಂದ್ರ. ಖಾಲಿ ತೋಟಾ ಒಂದು, ಸ್ಥಳದಲ್ಲೇ ಒಪ್ಪಿಸಲಾಯಿತು.

ಯಾರು ಹೊಡೆದದ್ದು ಎಂದು ಕಮಾತಾ ಅವರು ಕೇಳಿದರು. ಶಿಹೋ, "ನಾವು ಹೊಡೆದ್ವಿ" ಎಂದಳು. ನನ್ನನ್ನು ಕೇಳಿದರು, ನಾನೂ ಅದನ್ನೇ ಹೇಳಿದೆ. ಕೋವಿಯನ್ನು ಚೀಲದಿಂದ ತೆಗೆಯದಿದ್ದ ಎಯ್‌ಝೋ ಕೂಡ, "ನಾವೇ ಸ್ವಾಮಿ" ಎಂದ. ಸಂಜೆ ೬ರಿಂದ ೭ರವರೆಗೆ ಐವರೂ ಬೇರೆ ಬೇರೆ ಕೋಣೆಯಲ್ಲಿ ಇದನ್ನೇ ಬರೆಸಿದೆವು. ನಮ್ಮಲ್ಲಿ ಹೊಡೆದವರ ಹೆಸರು ಹೇಳುವುದಿಲ್ಲ. ಹೊಡೆದವರಿಗೂ ಪೊದೆ ಬಡಿದು ಕರಡಿ ಎಬ್ಬಿಸಿದವರಿಗೂ ಮಾಂಸ ಸಮಪಾಲು. ಹೆಸರು ಹೇಳಿದರೆ ಒಬ್ಬರಿಗೆ ಕೊಂಬು ಬರುತ್ತದೆ, ಕೊಂಬು ಬಂದವರು ಬೆಟ್ಟದಲ್ಲಿ ಬಹಳ ದಿನ ಬಾಳುವುದಿಲ್ಲ ಎಂದು ನನ್ನಪ್ಪ ಹೇಳುತ್ತಿದ್ದರು.

ಕಮಾತಾ ಅವರು ಏಪ್ರಿಲ್‌ನಲ್ಲಷ್ಟೇ ಕಡಲ ಕಡೆಯಿಂದ ವರ್ಗವಾಗಿ ಬಂದವರು. ಐವರು ಹೊಡೆದಿದ್ದೀರಿ, ಖಾಲಿ ತೋಟಾ ಒಂದಿದೆ, ಉಳಿದ ನಾಲ್ಕು ಎಲ್ಲಿ ಎಂದು ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಲೆಕ್ಕ ಅವರದೇ ಸರಿ. ಐದೂ ಕೋವಿಗಳನ್ನು ಠಾಣೆಯಲ್ಲಿ ಇರಿಸಿಕೊಂಡರು. ಶಿಹೋಳ ಲೈಸೆನ್ಸ್ ನವೀಕರಣ ಇದೇ ತಿಂಗಳ ೧೯ಕ್ಕೆ ಇದೆ, ವಿಚಾರಣೆ ಬಾಕಿಯಿದ್ದರೆ ಅದು ನಿಲ್ಲುತ್ತದೆ ಎಂದರು.

ದಿನಾಂಕ ೫ರ ಬೆಳಿಗ್ಗೆ ೭.೧೫ಕ್ಕೆ ಶಾಲೆಯ ದಾರಿಯಲ್ಲಿ ಇನ್ನೊಂದು ಕರಡಿ ಕಂಡಿತು. ನಾವು ಐವರು ಪಾತ್ರೆ ಬಡಿದು, ಪಟಾಕಿ ಹಚ್ಚಿ ಓಡಿಸಿದೆವು. ಅದು ಕಾಡಿಗೆ ಹೋಗುವ ಮೊದಲು ನಮ್ಮನ್ನು ತಿರುಗಿ ನೋಡಿತು. ೪೯ ವರ್ಷದಲ್ಲಿ ನನಗೆ ಅಂಥ ಅವಮಾನ ಆಗಿಲ್ಲ.

ಅಂದು ಮಧ್ಯಾಹ್ನ ೧೨.೩೦ಕ್ಕೆ ನನ್ನ ಮನೆಯಲ್ಲಿ ಸೇರಿದೆವು. ಠಾಣೆಗೆ ಹೋಗಿ ಹೆಸರು ಹೇಳುತ್ತೇನೆ ಎಂದೆ. ಎಯ್‌ಝೋ, "ಅಣ್ಣಾ, ಅಪ್ಪ ಇದ್ದಿದ್ರೆ ನಿನ್ನನ್ನ ಬೆಟ್ಟ ಬಿಡಿಸಿ ಹೊಲಕ್ಕೆ ಅಟ್ತಿದ್ರು" ಎಂದ. ಶಿಹೋ ತಲೆ ಬಗ್ಗಿಸಿ, "ನನ್ನ ಹೆಸರು ಬೇಡ ಶಿಕಾರಿಗಳೇ. ಮಾಂಸ ಐದು ಪಾಲಾಯ್ತು, ಗುಂಡೂ ಐದು ಪಾಲಾಗ್ಲಿ" ಎಂದಳು. "ಮಾಂಸ ಪಾಲಾಗತ್ತೆ ಮಗಳೇ, ಲೈಸೆನ್ಸ್ ಪಾಲಾಗಲ್ಲ" ಎಂದು ನಾನು ಹೇಳಿದೆ.

ಆದಕಾರಣ ತಿದ್ದಿ ಬರೆಸುವುದೇನೆಂದರೆ, ದಿನಾಂಕ ೪ರಂದು ೪.೨೧ಕ್ಕೆ ಕರಡಿಯನ್ನು ಹೊಡೆದವಳು ಅರಾಕಾವಾ ಶಿಹೋ, ಒಬ್ಬಳೇ, ಒಂದೇ ಗುಂಡಿನಲ್ಲಿ. ಅದಕ್ಕೆ ಮೊದಲು ೩.೦೨ಕ್ಕೆ ಮತ್ತು ೩.೪೦ಕ್ಕೆ ಹೊಡೆಯದೆ ಇದ್ದವಳೂ ಅವಳೇ. ಹೊಡೆಯದ ಆ ಎರಡು ಗುಂಡುಗಳನ್ನೂ ದಾಖಲಿಸಬೇಕೆಂದು ಕೇಳಿದೆ. ಅಂಥ ಅಂಕಣ ನಮೂನೆಯಲ್ಲಿಲ್ಲ ಎಂದು ಕಮಾತಾ ಅವರು ಹೇಳಿದರು, ಆದರೂ ಇಲ್ಲಿ ಬರೆದುಕೊಂಡರು. ೩.೦೨ಕ್ಕೆ ಆ ಜಾಗದಲ್ಲಿ ನಾನಿದ್ದಿದ್ದರೆ ಹೊಡೆದುಬಿಡುತ್ತಿದ್ದೆ. ಇದನ್ನು ನನ್ನ ತಮ್ಮನಿಗೂ ಹೇಳಿಲ್ಲ.

ಶಿಷ್ಯೆಯನ್ನು ಹೆಸರು ಹಿಡಿದು ಹೊಗಳುವುದು ಬೆಟ್ಟದಲ್ಲಿ ನಿಷಿದ್ಧ. ಠಾಣೆ ಬೆಟ್ಟವಲ್ಲ.

ಬರೆದುದನ್ನು ಅಧಿಕಾರಿಗಳು ಗಟ್ಟಿಯಾಗಿ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಹೆಚ್ಚಿಲ್ಲ, ಕಡಿಮೆಯಿಲ್ಲ. "ಹೊಡೆದವಳು ಅರಾಕಾವಾ ಶಿಹೋ" ಎಂಬ ಸಾಲು ಸರಿಯಾಗಿ ಕೇಳಿಸಲಿಲ್ಲ ಎಂದು ಇನ್ನೊಮ್ಮೆ ಓದಿಸಿದೆ. ಮೊದಲ ಸಲವೇ ಕೇಳಿಸಿತ್ತು.

ಸ್ಥಳ: ಉಚಿಸಾವಾ ಠಾಣೆ
ದಿನಾಂಕ: ನವೆಂಬರ್ ೬, ಬೆಳಿಗ್ಗೆ ೯.೪೦
(ಸಹಿ ಮತ್ತು ಮೊಹರು) ತೊಗಾಶಿ ಮಸಕಿಚಿ