ಸೈಕಲ್ ದಾರಿಯ ಮೂರು ಅರ್ಜಿಗಳು

ಅಧ್ಯಕ್ಷತೆ ವಹಿಸಿರುವ ಮುಖ್ಯಗುರುಗಳಾದ ಮಹಾನಂದಾ ಮೇಡಂ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ವರ್ತಕರ ಸಂಘದ ಶಾಂತಕುಮಾರ ಅವರೇ, ಗುರುಬಳಗದವರೇ, ತಾಯಂದಿರೇ, ಮಕ್ಕಳೇ, ಸಭಿಕರೇ,

ನಾನು ಭೀಮರಾಯ. ತಹಶೀಲ್ದಾರ್ ಕಚೇರಿಯ ಮುಂದೆ ಕುಳಿತು ಅರ್ಜಿ ಬರೆಯುವವನು. ಸುರಪುರದಲ್ಲಿ ಇಪ್ಪತ್ತೆರಡು ವರ್ಷ ಎಲ್ಲರ ಮಾತನ್ನೂ ಬರೆದಿದ್ದೇನೆ. ನನ್ನ ಮಾತನ್ನು ಮೈಕಿನ ಮುಂದೆ ಆಡುತ್ತಿರುವುದು ಇದೇ ಮೊದಲು. ಎಲ್ಲಾದರೂ ‘ಇಂತಿ ತಮ್ಮ ವಿಧೇಯ’ ಅಂದುಬಿಟ್ಟರೆ ಮಕ್ಕಳು ನಗಬಾರದು.

ಈ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷ ಬಿಸಿಯೂಟ ಮಾಡಿದ ನನ್ನ ಹೆಂಡತಿ ಪರಿಮಳಾಳ ಹೆಸರಿನಲ್ಲಿ, ಈ ವಾರ್ಷಿಕೋತ್ಸವದಲ್ಲಿ ನನಗೆ ಸನ್ಮಾನ ಮಾಡಿದ್ದೀರಿ. ಅವಳು ತೀರಿಕೊಂಡು ಇಂದಿಗೆ ನಲವತ್ತಾರು ದಿನ. ಎರಡು ಮಾತು ಹೇಳಿ ಕುಳಿತುಕೊಳ್ಳಿ ಎಂದು ಮೇಡಂ ಹೇಳಿದ್ದಾರೆ. ಅಷ್ಟೇ ಹೇಳಬೇಕೆಂದು ನಾನೂ ಬಂದವನು.

ಆದರೆ ನಾಳೆ ನಗರಸಭೆಯ ಸಭೆ ಇದೆ. ಬಸ್ ನಿಲ್ದಾಣದಿಂದ ಈ ಶಾಲೆಯವರೆಗೆ, ರಸ್ತೆಯ ಎರಡೂ ಅಂಚಿನಲ್ಲಿ ಒಂದೊಂದು ಸಾಲನ್ನು ವಾಹನಗಳಿಂದ ಬಿಡಿಸಿ, ಹಸಿರು ಬಣ್ಣ ಬಳಿದು ಸೈಕಲ್‌ಗಳಿಗೆ ಕೊಟ್ಟಿದ್ದಾರಲ್ಲ, ಅದನ್ನು ಉಳಿಸುವುದೋ ಅಳಿಸುವುದೋ ನಾಳೆ ತೀರ್ಮಾನ. ಆ ದಾರಿಗಾಗಿ ಊರು ಎರಡು ಭಾಗವಾಯಿತು. ಎರಡೂ ಕಡೆಯ ಅರ್ಜಿ ಬರೆದವನು ನಾನೇ. ಬೇಕು ಎಂಬ ಅರ್ಜಿಯನ್ನು ಪರಿಮಳಾ ಬರೆಸಿದಳು. ಬೇಡ ಎಂಬ ಅರ್ಜಿಯನ್ನು ಅಂಗಡಿಯವರು ಬರೆಸಿದರು. ಎರಡನೆಯದೇ ಚೆನ್ನಾಗಿ ಬಂದಿತ್ತು. ಯಾಕೆಂದರೆ ನನಗೂ ಆ ದಾರಿ ಬೇಡವಾಗಿತ್ತು.

“ನಂದು ಎರಡ ಸಾಲು, ಅವರದು ಎರಡ ಹಾಳಿ. ಹೆಂಡ್ತಿ ಅಂದ್ರ ಇಷ್ಟ ಏನ್ರಿ?” ಎಂದು ಅವಳು ಕೇಳಿದ್ದಳು.

ಮಗಳು ಭಾಗ್ಯಳಿಗೆ ಸರಕಾರ ಕೊಟ್ಟ ಸೈಕಲ್ಲಿನ ಮೇಲೆ, ನಲವತ್ತನೆಯ ವಯಸ್ಸಿನಲ್ಲಿ, ಪರಿಮಳಾ ಸೈಕಲ್ ಕಲಿತಳು. ಆಮೇಲೆ ತನಗೂ ಒಂದು ಹಳೆಯದನ್ನು ಕೊಂಡಳು. ಆಟೋದ ಮನ್ಸೂರಅಲಿ ದಿನಾ ಕಾಡುತ್ತಿದ್ದ. “ಅಕ್ಕಾರ, ನೀವೂ ಸೈಕಲ್ ಹತ್ತಿದ್ರ ನನ್ನ ಆಟೋದಾಗ ಯಾರ್ ಕೂಡ್ತಾರ್ರಿ?” ಇವಳು ಕಾಲು ನೆಲಕ್ಕೂರದೆ ಹೇಳುತ್ತಿದ್ದಳು: “ನೀನ ಕೂಡು. ಹೊಡಿಯೋದು ನಾನ ಕಲೀತೀನಿ.”

ಅವಳು ಹೋದ ಎಂಟನೆಯ ದಿನ ಶಾಂತಕುಮಾರ ಅವರು ಮನೆಗೆ ಬಂದರು. “ಅಣ್ಣಾರ, ಆ ಹಸಿರು ಪಟ್ಟಿ ಅಕ್ಕನ್ನ ತಿಂತು. ನಿಮ್ಮ ಸಹಿ ಇದ್ರ ಯಾರೂ ಇಲ್ಲ ಅನ್ನಂಗಿಲ್ರಿ” ಅಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ, ಕಣ್ಣಲ್ಲಿ ನೀರಿತ್ತು. ಮೂರನೆಯ ಅರ್ಜಿಯನ್ನೂ ನಾನೇ ಬರೆದು ಸಹಿ ಮಾಡಿದೆ. ‘ಸೈಕಲ್ ದಾರಿಯ ಕಾರಣದಿಂದ ನನ್ನ ಹೆಂಡತಿ ಮೃತಪಟ್ಟಿದ್ದು’ ಎಂದು ಅದು ಶುರುವಾಗುತ್ತದೆ. ನಾಳೆ ಅದನ್ನೇ ಸಭೆಯಲ್ಲಿ ಓದುತ್ತಾರೆ. ಭಾಗ್ಯಳೂ ಅದನ್ನೇ ನಂಬಿದ್ದಾಳೆ. ಅವಳೀಗ ಸೈಕಲ್ ಮುಟ್ಟುವುದಿಲ್ಲ, ಶಾಲೆಗೆ ನಡೆದು ಬರುತ್ತಾಳೆ.

ಮೇಡಂ, ಎರಡು ಮಾತು ಮುಗಿದವು. ಇನ್ನೊಂದು ಸ್ವಲ್ಪ ಇದೆ.

ದೇವಾಪುರದ ನಮ್ಮ ಹೊಲದ ತೊಗರಿ ರಾಶಿಯಾಗಿ ಬಂದಿತ್ತು. ಕಾಳು ಹಸಿ ಇತ್ತು. ಈಗ ಯಾರ ಮನೆಗೆ ಕಣ ಉಳಿದಿದೆ ಹೇಳಿ? ಡಾಂಬರು ಕಂಡಲ್ಲಿ ಹರವುತ್ತೇವೆ. ಸೈಕಲ್ ದಾರಿಗಿಂತ ಒಳ್ಳೆಯ ಕಣ ಎಲ್ಲಿದೆ? ಲಾರಿ ಬರುವುದಿಲ್ಲ, ಧೂಳಿಲ್ಲ. ಬೇಡ ಎಂದು ಎರಡು ಹಾಳೆ ಬರೆದ ನಾನೇ ಅದರ ಮೇಲೆ ತಾಡಪಾಲು ಹಾಸಿ, ಕಾಳು ಹರವಿ, ಸುತ್ತ ಕಲ್ಲಿಟ್ಟೆ. ಸಂಜೆ ಕಾಳನ್ನು ಚೀಲಕ್ಕೆ ತುಂಬಿ ಒಯ್ದೆ, ಕಲ್ಲುಗಳನ್ನು ಬಿಟ್ಟೆ. ಕಲ್ಲು ತೆಗೆದರೆ ಮರುದಿನ ಆ ಜಾಗದಲ್ಲಿ ಇನ್ನೊಬ್ಬರ ತೊಗರಿ ಇರುತ್ತದೆ. ನೀವೂ ಹೀಗೆ ಬಿಟ್ಟು ಬಂದವರೇ.

ಊಟಕ್ಕೆ ಬಡಿಸುತ್ತ ಅವಳು ಕೇಳಿದಳು. “ಕಲ್ಲ ತಗದೀರೇನ್ರಿ? ಮುಂಜಾನಿ ಮಂಜ ಬೀಳಾಕತ್ತೈತಿ, ಕಾಣಂಗಿಲ್ಲ.”

“ಹ್ಞೂಂ, ತಗದೀನಿ” ಅಂದೆ.

ತೆಗೆದಿರಲಿಲ್ಲ. ಮತ್ತೆ ಎದ್ದು ಹೋಗಲು ಬೇಸರ, ಅಷ್ಟೇ. ಅವಳಿಗಿಂತ ಮೊದಲು ಎದ್ದು ತೆಗೆದರಾಯಿತು ಅಂದುಕೊಂಡೆ. ನನಗೆ ಎಚ್ಚರವಾದಾಗ ಅಂಗಳದಲ್ಲಿ ಸೈಕಲ್ ಇರಲಿಲ್ಲ. ಶಾಲೆಯ ಮಕ್ಕಳಿಗೆ ಹಾಲು ಕಾಯಿಸಲು ಹೋಗಿದ್ದಳು. ಕಲ್ಲಿಗೆ ಮುಂದಿನ ಗಾಲಿ ಬಡಿದು ಪಕ್ಕದ ವಾಹನಗಳ ಸಾಲಿಗೆ ಬಿದ್ದಳು. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನವನಿಗೆ ನಿಲ್ಲಿಸಲಾಗಲಿಲ್ಲ.

ನಾನು ಓಡಿ ಹೋದಾಗ ಜನ ಸೇರಿದ್ದರು. “ಯಾವ ಮಗ ಇಟ್ಟಾನೋ ಈ ಕಲ್ಲ” ಎಂದು ಯಾರೋ ಬೈಯುತ್ತ ಅವನ್ನು ಚರಂಡಿಗೆ ಎಸೆಯುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ದಿನವೂ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಿಡುವ ಅಭ್ಯಾಸ ನನಗೆ. ಆ ದಿನ ‘ಪರಿಮಳಾ ಇಲ್ಲ’ ಎಂದು ಬರೆದೆ. ಕಲ್ಲಿನ ಮಾತು ಬರೆಯಲಿಲ್ಲ. ಇಂದಿನವರೆಗೂ ಬರೆದಿಲ್ಲ.

ಶಾಂತಕುಮಾರ ಅವರೇ, ಆ ಅರ್ಜಿಯನ್ನು ನನಗೆ ವಾಪಸ್ ಕೊಡಿ. ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಜಾಗ ಬೇಕಾದರೆ ಕೇಳಿ, ಅದು ನಿಮ್ಮ ಹಕ್ಕು. ಅವಳ ಸಾವನ್ನು ಮುಂದಿಟ್ಟು ಕೇಳಬೇಡಿ. ಆ ದಾರಿ ಅವಳನ್ನು ಕೊಲ್ಲಲಿಲ್ಲ. ನಾಳೆ ಸಭೆಗೆ ನಾನೇ ಬಂದು, ಇಲ್ಲಿ ಹೇಳಿದ್ದನ್ನೇ ಹೇಳುತ್ತೇನೆ. ಟ್ರ್ಯಾಕ್ಟರಿನವನ ಮೇಲೆ ಕೇಸಿದೆ, ಠಾಣೆಗೂ ಹೋಗುತ್ತೇನೆ.

ಭಾಗ್ಯ, ನೀನು ಹುಡುಗಿಯರ ಸಾಲಿನಲ್ಲಿ ಎಲ್ಲೋ ಕುಳಿತಿದ್ದೀಯ. ನನ್ನ ಕಣ್ಣಿಗೆ ಕಾಣುತ್ತಿಲ್ಲ. ಇದನ್ನು ಎಲ್ಲರಿಗಿಂತ ಮೊದಲು, ಮನೆಯಲ್ಲಿ, ನಿನಗೆ ಹೇಳಬೇಕಿತ್ತು. ನೀನು ರೊಟ್ಟಿ ಬಡಿಯುವಾಗ ದಿನವೂ ಎದುರಿಗೆ ಕುಳಿತೆ, ಒಂದು ದಿನವೂ ಬಾಯಿ ಬರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ನಾನು ಶಾಲೆಯ ಗೇಟಿನ ಹತ್ತಿರ ನಿಂತಿರುತ್ತೇನೆ. ನೀನು ನಿನ್ನ ದೊಡ್ಡವ್ವನ ಜೊತೆ ಅವಳ ಮನೆಗೆ ಹೋಗುವುದಾದರೆ ಹೋಗು. ನಾನು ಕೂಗಿ ಕರೆಯುವುದಿಲ್ಲ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.