ಕುರಿಗಾರನ ಅಂಗಾಲು

ರಾಯದುರ್ಗದ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಬಿ.ಪಿ. ಮಾತ್ರೆಗೆಂದು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಬೆಂಚಿನ ಮೇಲೆ ಸಕ್ಕರೆ ಕಾಯಿಲೆಯ ಚೀಟಿ ಹಿಡಿದ ಗುಮ್ಮಘಟ್ಟದ ಕುರಿಗಾರ ಲಕ್ಷ್ಮಣಪ್ಪ. ನರ್ಸ್ ಶ್ರಾವಣಿ ಆತನ ಪಾದದ ಹತ್ತಿರ ಕುಳಿತದ್ದೇ ತಡ, ಕಾಲು ಮಡಚಿಕೊಂಡ.

"ಕಾಲು ಮುಟ್ಟಬ್ಯಾಡ ತಾಯಿ. ಹೆಣ್ಮಗಳು ನೀನು, ನನಗ ಪಾಪ ಬರ್ತೈತಿ."

"ಸಕ್ಕರೆ ಇದ್ದೋರ ಕಾಲು ನೋಡ್ಲೇಬೇಕಂತ ಹೊಸಾ ರೂಲ್ಸ್ ಬಂದೈತ್ರಿ ತಾತ."

"ಸಕ್ಕರೆ ಇರೋದು ರಕ್ತದಾಗ. ಕಾಲು ಯಾಕ?"

"ಕುರಿ ಕಾಲು ನೀವು ನೋಡಂಗಿಲ್ಲೇನ್ರಿ?"

"ದಿನಾ ನೋಡ್ತೀನಿ. ಮುಳ್ಳು ಚುಚ್ಚಿದ್ರ ಅದೇನು ಬಾಯಿ ಬಿಟ್ಟು ಹೇಳ್ತೈತೇನು?"

"ಮತ್ತ ನಿಮ್ಮ ಕಾಲು?"

"ನನಗ ಬಾಯಿ ಐತಲ್ಲವ್ವ. ಚುಚ್ಚಿದ್ರ ಹೇಳ್ತೀನಿ."

ಶ್ರಾವಣಿ ನಗಲಿಲ್ಲ. ಬೆರಳುದ್ದದ ನೈಲಾನ್ ಎಳೆಯೊಂದನ್ನು ತೆಗೆದಳು.

"ಕೈ ಹಚ್ಚಂಗಿಲ್ರಿ, ಈ ದಾರದ ತುದಿ ಅಷ್ಟ. ಕಣ್ಣು ಮುಚ್ರಿ. ತಾಗಿದಾಗೆಲ್ಲ ಹೂಂ ಅನ್ರಿ."

ಆತ ಒಪ್ಪಿ ಕಣ್ಣು ಮುಚ್ಚಿದ. ಸಾಲಿನವರೆಲ್ಲ ಕತ್ತು ಚಾಚಿದೆವು. ಎಳೆ ಹೆಬ್ಬೆರಳಿಗೆ ತಾಗಿ ಬಾಗಿತು, ಅಂಗಾಲಿಗೆ ತಾಗಿ ಬಾಗಿತು, ಇನ್ನೊಂದು ಕಾಲಿಗೂ ಹೋಯಿತು.

"ಶುರು ಮಾಡು ತಾಯಿ," ಅಂದ, ಕಣ್ಣು ಮುಚ್ಚಿಕೊಂಡೇ.

"ಎಂಟು ಕಡೆ ಮುಟ್ಟಿದೆ. ಎರಡೂ ಕಾಲು ಮುಗದ್ವು ತಾತ."

ಆತ ಕಣ್ಣು ಬಿಟ್ಟ. ಎದ್ದು ಹೊರಗೆ ಹೋದ. ಚಪ್ಪಲಿ ಬಿಟ್ಟಲ್ಲಿ ಕಟ್ಟೆಯ ಮೇಲೆ ಕುಳಿತು, ತನ್ನದೇ ಕಾಲನ್ನು ಕುರಿಯ ಕಾಲಿನಂತೆ ಎರಡೂ ಕೈಯಲ್ಲಿ ಎತ್ತಿ, ಅಂಗಾಲನ್ನು ಬಿಸಿಲಿಗೆ ತಿರುಗಿಸಿ ಹಿಡಿದ.