ತೂಗುಹಲಗೆಯ ಭಾರ

ಉತ್ತರ ಅಮೆರಿಕದ ಹ್ಯೂರಾನ್ ಸರೋವರವನ್ನು ನದಿಯೊಂದು ಸೇರುವ ಕಡೆ ಒಂದು ಕಾಫಿ ಅಂಗಡಿ. ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ರಜೆಯಲ್ಲಿದ್ದ ಏಳೆಂಟು ಖಲಾಸಿಗಳು ಏಲಕ್ಕಿ ಬನ್ನು ಮುರಿಯುತ್ತ ಕೂತಿದ್ದರು. ಮುದುಕ ಆರ್ವಿಡ್ ನಿಸ್ಕನೆನ್ ಎಲ್ಲರಿಗೂ ತಾನೇ ಕಾಫಿ ಕೊಡಿಸುತ್ತೇನೆ ಎಂದಾಗಲೇ ಅವರಿಗೆ ಗುಮಾನಿ ಬಂತು. ಅವನು ಮಹಾ ಜಿಪುಣ.

“ಸುಮ್ನೆ ಕುಡೀರಪ್ಪಾ, ವಿಷ ಹಾಕಿಲ್ಲ. ಕುಡೀತಾ ಕೇಳಿ,” ಎಂದು ಗದರಿ ಅವನು ಶುರು ಮಾಡಿದ.

ಕೆಲಸದಲ್ಲಿದ್ದಾಗ ಅವನು ಸಣ್ಣ ಸರಕು ಹಡಗೊಂದರ ಮೇಟ್, ಕಪ್ತಾನನ ಕೈಕೆಳಗಿನ ಅಧಿಕಾರಿ. ದೊಡ್ಡ ಹಡಗು ನುಗ್ಗಲಾರದ ಈ ನದಿಯ ಧಕ್ಕೆಗಳಲ್ಲಿ ಹಗ್ಗ ಹಿಡಿಯಲು ಯಾರು ಕಾದಿರುತ್ತಾರೆ ಹೇಳಿ? ಅದಕ್ಕೇ ತಮ್ಮ ಆಳೊಬ್ಬನನ್ನು ಹಗ್ಗದಲ್ಲಿ ನೇತುಬಿಟ್ಟ ತೂಗುಹಲಗೆಯ ಮೇಲೆ ಕೂರಿಸಿ, ಹಡಗು ನಿಲ್ಲುವ ಮೊದಲೇ ಧಕ್ಕೆಗೆ ಇಳಿಸುವುದು. ಒಂದು ಡಿಸೆಂಬರಿನಲ್ಲಿ ಹಾಗೆ ಕೂತವನು ರೈನೊ, ಆರ್ವಿಡನ ತಂಗಿ ಹಿಲ್ಮಾಳ ಗಂಡ. ಧಕ್ಕೆಯೂ ಬಿಳಿ, ಅದರ ಅಂಚಿನ ಮಂಜುಗಡ್ಡೆಯೂ ಬಿಳಿ... ಎರಡರ ಮೇಲೂ ಹಿಮ. “ಇಳಿಯೋ, ನೆಲಾನೇ,” ಎಂದು ಕೂಗಿದವನು ಆರ್ವಿಡನೇ. ರೈನೊ ಇಳಿದ, ಗಡ್ಡೆ ಒಡೆಯಿತು, ಹಡಗು ಅದರ ಮೇಲೆ ಸರಿಯಿತು. ಹೆಣವೂ ಸಿಗಲಿಲ್ಲ. ಹಿಲ್ಮಾ ಅಣ್ಣನ ಮುಖ ನೋಡುವುದನ್ನೇ ಬಿಟ್ಟಳು.

ಮುಂದಿನ ವಸಂತ, ಅದೇ ಧಕ್ಕೆ. ಆಳನ್ನು ಇಳಿಸಿ ಖಾಲಿ ಹಲಗೆಯನ್ನು ವಾಪಸು ಎಳೆದರೆ... ಭಾರ. ಒಬ್ಬ ಗಂಡಸಿನ ಭಾರ. ಮೇಲೆ ಯಾರೂ ಇಲ್ಲ, ಆದರೆ ಹಗ್ಗ ಕಿರುಗುಟ್ಟುತ್ತಿದೆ, ಹಲಗೆಯಿಂದ ನೀರು ಸುರಿಯುತ್ತಿದೆ. ಹಲಗೆ ಹಡಗಿನ ಕಟಕಟೆಯ ಹತ್ತಿರ ಬಂದಾಗ ಕಿವಿಯ ಪಕ್ಕದಲ್ಲೇ ದನಿ: “ಭಾವಾ, ಬಿಡಬೇಡ. ಮನೆಗೆ ಹೋಗ್ಬೇಕು.” ಅಷ್ಟರಲ್ಲಿ ಅಂಗೈಯಿಂದ ಹಗ್ಗ ಜಾರಿತು, ಕೆಳಗೆ ನೀರಿನಲ್ಲಿ ದೊಪ್ಪೆಂದು ಸದ್ದು. ಇಪ್ಪತ್ತೆರಡು ವರ್ಷ, ಆ ಧಕ್ಕೆಗೆ ಹೋದಾಗಲೆಲ್ಲ ಹೀಗೇ. ಒಬ್ಬನೇ ಎಳೆದ, ಇಬ್ಬರನ್ನು ಕರೆದು ಎಳೆದ, ಅತ್ತುಕೊಂಡು ಎಳೆದ. ಒಂದೇ ಒಂದು ಸಲ ಆ ಮನುಷ್ಯನನ್ನು ಮೇಲೆ ತಂದು ತಂಗಿಯ ಮನೆ ಮುಟ್ಟಿಸಿದ್ದರೆ ಸಾಕಿತ್ತು... ಆಗಲಿಲ್ಲ.

ಕೆಲಸ ಬಿಡುವ ದಿನ ಹೊಸ ಮೇಟ್‌ಗೆ ಎಲ್ಲ ಹೇಳಿದ. ಮುದುಕನಿಗೆ ಅರಳುಮರಳು ಎಂದು ಅವನು ಆಡಿಕೊಂಡ.

ಆರ್ವಿಡ್ ಒಬ್ಬೊಬ್ಬರ ತೋಳನ್ನೂ ದಿಟ್ಟಿಸಿ ನೋಡಿದ.

“ಬೆಳಿಗ್ಗೆ ಆ ಹೊಸ ಮೇಟೇ ಫೋನ್ ಮಾಡಿದ್ದ. ‘ಹಗ್ಗ ಎಷ್ಟು ಜನ ಹಿಡಿದ್ರೆ ರೈನೊ ಮೇಲೆ ಬರ್ತಾನೆ, ಹೇಳಿ’ ಅಂದ. ಹಡಗು ಈಗ ಇಲ್ಲೇ ನದಿಬಾಯಲ್ಲಿದೆ, ಮಳೆ ಸಣ್ಣಗಾದ ಕೂಡಲೇ ಆ ಧಕ್ಕೆಗೆ ಹೋಗತ್ತೆ. ನಮ್ಮನ್ನ ಕರ್ಕೊಂಡೋಗೋಕೆ ದೋಣಿ ಕಳಿಸಿದಾನೆ. ಹಿಲ್ಮಾ ಆಗ್ಲೇ ಕಂಬಳಿ ಹಿಡ್ಕೊಂಡು ಅದರಲ್ಲಿ ಕೂತಿದಾಳೆ... ಏಳಿ. ಯಾರ್ಯಾರು ಬರ್ತೀರಿ?”